ಮಂಗಳಮ್ಮ ತೊಳೆದ ತಟ್ಟೆ

೧೯೭೬ರಲ್ಲಿ ಭಾರತೀನಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಪಂಕಜಮ್ಮ, ಪಿಎಚ್.ಡಿ.ಗಾಗಿ ಕಬ್ಬಿನ ಗದ್ದೆಯ ಮಣ್ಣಿನ ಬ್ಯಾಕ್ಟೀರಿಯಾ ಸಾಕಿಕೊಂಡಿದ್ದಳು. ಸಣ್ಣ ಬಾಲಗಳನ್ನು ತಿರುಗಿಸುತ್ತಾ ಈಜುವ ಜೀವಿಗಳವು. ಈಜಲಾರದ ತಳಿಯೊಂದು ಸಿಕ್ಕರೆ, ಬಾಲ ಬೆಳೆಸುವ ಜೀನು ಯಾವುದೆಂದು ಹುಡುಕಬಹುದಿತ್ತು. ನಾಲ್ಕು ತಿಂಗಳಾದ ಮೇಲೆ ಸಿಕ್ಕಿತು. ಉಳಿದವು ಅವನ್ನು ಬೆಳೆಸುವ ತಟ್ಟೆಯಲ್ಲಿನ ಗಂಜಿಯಂಥ ತೆಳು ಅಗಾರಿನ ತುಂಬ ಮಂಜಿನಂತೆ ಹರಡಿದರೆ, ಇದು ಇಟ್ಟಲ್ಲೇ ಚುಕ್ಕೆಯಾಗಿ ಕೂತಿತ್ತು.

ಅದನ್ನು ಹಾಲು ಬೆರೆಸಿದ ತಟ್ಟೆಯಲ್ಲಿ ಬೆಳೆಸಿದಾಗ ಗೊಂದಲವಾಯಿತು. ಹಾಲಿನ ಪ್ರೋಟೀನು ಕರಗಿಸುವ ಕಿಣ್ವವನ್ನು ಮೂಲ ತಳಿ ಸ್ವಲ್ಪವೇ ಹೊರಬಿಡುತ್ತಿತ್ತು. ಇದರ ಸುತ್ತಲೋ ಎಂಟಾಣೆಯಗಲ ಬಿಳುಪೆಲ್ಲ ಕರಗಿ ಗಾಜಿನಂತಾಗಿತ್ತು. ಬೇರೆ ಯಾವುದೋ ಬ್ಯಾಕ್ಟೀರಿಯಾ ಸೇರಿಕೊಂಡಿದೆಯೆಂದು ಪಂಕಜಮ್ಮ, ಲ್ಯಾಬಿನ ಪಾತ್ರೆ ತೊಳೆದು, ಕ್ರಿಮಿ ಸಾಯಲೆಂದು ಬೇಯಿಸುವ ಮಂಗಳಮ್ಮನ ಮೇಲೆ ವಿದ್ಯಾರ್ಥಿಗಳೆದುರೇ ಹರಿಹಾಯ್ದಳು.

"ತಟ್ಟೆ ಸರಿಯಾಗಿ ಬೇಯಿಸಿಲ್ಲ ನೀನು. ನಾಲ್ಕು ತಿಂಗಳ ಕೆಲಸ ಹಾಳು!"

"ನೀವೇಳ್ದಂಗೇ ಕುಕ್ಕರ್‌ನಲ್ಲಿ ಬೇಯ್ಸಿವ್ನಿ ಅಮ್ಮಾವ್ರೆ. ನನ್ ಕೈಯಿಂದ ಆಗಿಲ್ಲ, ಬುಡಿ."

ಮರುದಿನದಿಂದ ಮಂಗಳಮ್ಮ ಬರಲಿಲ್ಲ. ಕಿರುಗಾವಲಿನ ತವರಿಗೆ ಹೋದಳೆಂದು ಯಾರೋ ಹೇಳಿದರು.

ಪಂಕಜಮ್ಮ ತಾನೇ ತಟ್ಟೆ ತೊಳೆದು, ಬೇಯಿಸಿ, ಮತ್ತೆ ಬೆಳೆಸಿದಳು. ಅದೇ ಫಲ. ಮೈಸೂರಿನಲ್ಲಿ ತನ್ನ ಗುರುಗಳ ಲ್ಯಾಬಿಗೆ ಹೋಗಿ, ಈಜದ ತಳಿಯ ಡಿಎನ್‌ಎ ತೆಗೆದು ಈಜುವ ತಳಿಗೆ ಸೇರಿಸಿದಳು. ಹಾಗೆ ಈಜು ಮರೆತ ಪ್ರತಿಯೊಂದೂ ಹಾಲನ್ನು ಅಷ್ಟೇ ಅಗಲಕ್ಕೆ ಕರಗಿಸಿತು.

"ಒಂದೇ ಜೀನು ಇರಬೇಕು ಕಣಮ್ಮ," ಎಂದರು ಗುರುಗಳು ಖುಷಿಯಿಂದ. "ಬಾಲವೂ ಅದರ ಹಿಡಿತದಲ್ಲಿ, ಕಿಣ್ವವೂ ಅದರ ಹಿಡಿತದಲ್ಲಿ."

ಹಿಗ್ಗಬೇಕಾದ ಪಂಕಜಮ್ಮನಿಗೆ ವಾಪಸು ಬರುವ ಮಳವಳ್ಳಿ ಬಸ್ಸಿನಲ್ಲಿ ಉದ್ದಕ್ಕೂ ಸಂಕಟ. ಕಿರುಗಾವಲಿನಲ್ಲೇ ಇಳಿದು ಮನೆ ವಿಚಾರಿಸಿಕೊಂಡು ಹೋದಳು. ಮಂಗಳಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ತಪ್ಪು ನನ್ನದು, ಮಂಗಳಮ್ಮ. ನೀವು ಬೇಯಿಸಿದ ತಟ್ಟೆ ಶುದ್ಧವಾಗಿಯೇ ಇತ್ತು. ಆ ಜೀವಿಯೇ ಹಾಗೆ."

"ಅದ್ನೇ ಅಲ್ವಾ ನಾನೇಳಿದ್ದು?" ಮಂಗಳಮ್ಮ ಕೈ ನಿಲ್ಲಿಸಲಿಲ್ಲ. "ಉಡುಗ್ರ ಮುಂದೆ ಬೈದ್ರಿ. ಉಡುಗ್ರ ಮುಂದೇನೇ ಏಳ್ತೀರಾ?"

"ಹೇಳ್ತೀನಿ."

"ಅಂಗಾದ್ರೆ ಸೋಮ್ವಾರ ಬತ್ತೀನಿ. ಕೂತ್ಕೊಳಿ, ಕಾಫಿ ಕುಡ್ಕೊಂಡು ಓಗಿ."

ಸೋಮವಾರ ಪಂಕಜಮ್ಮ ವಿದ್ಯಾರ್ಥಿಗಳಿಗೆ ಎರಡೂ ತಳಿಯ ತಟ್ಟೆ ತೋರಿಸಿ, ತಾನು ಬೈದದ್ದನ್ನೂ ಬಿಡದೆ ಎಲ್ಲ ಹೇಳಿದಳು. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಮಂಗಳಮ್ಮ ಮುಂದೆ ಬಂದು, ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ನಡೆಯಾಕಾಗ್ದಿದ್ರೂ ಊಟಕ್ಕೇನ್ ಕಮ್ಮಿ ಇಲ್ಲ ಕಣ್ರಮ್ಮ ಇದಕ್ಕೆ," ಎಂದಳು.

ಹುಡುಗರು ನಕ್ಕರು. ಪಂಕಜಮ್ಮನಿಗೂ ನಗು ತಡೆಯಲಾಗಲಿಲ್ಲ.