ಹುರುಳಿಯ ಮೇಲೆ ಎರಡು ಗೆರೆ

ಕಾಲಿಗೆ ಏನೋ ತಣ್ಣಗೆ ಬಂದು ತಗುಲಿತು. ಶಾಂತಿ ಬೆಚ್ಚಿ ತಿರುಗಿದಳು. ಹೊಸ ಟೈರೊಂದು ಅವಳ ಸೀರೆಯ ನೆರಿಗೆಗೆ ಒರಗಿ ನಿಂತಿತ್ತು. ಅಂಗಡಿಯ ಆ ತುದಿಯಲ್ಲಿದ್ದ ಮರಿಯಪ್ಪ ಗೊಳ್ಳನೆ ನಕ್ಕ.

"ಅಲ್ಲಿಂದ ಇಲ್ಲಿಗಂಟ ಉಳ್ಳಾಡ್ಕಂಡ್ ಬಂತು ತಾಯಿ. ಕೇಳುಸ್ತಾ?"

"ಇಲ್ಲ" ಎಂದಳು.

ಗುಂಡ್ಲುಪೇಟೆಯ ಆ ಅಂಗಡಿಯ ಸಿಮೆಂಟು ನೆಲ ಬಾಗಿಲ ಕಡೆಗೆ ಇಳಿಜಾರು. ಮರಿಯಪ್ಪ ಟೈರು ತೋರಿಸುತ್ತಿದ್ದುದೇ ಹಾಗೆ. ಒಳಗಿನಿಂದ ಉರುಳಿಸಿ ಬಿಡುತ್ತಿದ್ದ, ಗಿರಾಕಿ ಕಿವಿಗೊಟ್ಟು ಕೇಳಬೇಕು. ಮೊದಲು ಬಿಟ್ಟದ್ದು ನಮ್ಮ ದೇಶದಲ್ಲೇ ಮಾಡಿದ್ದು, ಮೈಯೆಲ್ಲ ದಪ್ಪ ದಪ್ಪ ರಬ್ಬರು ಗಟ್ಟಿಗಳು, ದಡದಡನೆ ಬಂದಿತ್ತು. ಈಗ ಸದ್ದಿಲ್ಲದೆ ಬಂದು ತಗುಲಿದ ಎರಡನೆಯದು ಕಲ್ಲಿಕೋಟೆಯ ಕಡೆಯಿಂದ ಬಂದ ಪರದೇಶದ ಮಾಲು.

ಹೊರಗೆ ನೀಲಕಂಠಸ್ವಾಮಿಯವರ ಕಪ್ಪು ಕಾರು ಜಾಕಿಯ ಮೇಲೆ ನಿಂತಿತ್ತು. ಚಾಮರಾಜನಗರದಲ್ಲಿ ಕರಿಕಲ್ಲಿನ ಕ್ವಾರಿ ನಡೆಸುವ ಅವರು ಹೋದ ವರ್ಷ ಮದರಾಸಿನಿಂದ ತರಿಸಿದ ಕಾರು. ಎಂಜಿನ್ನು ಓಡುತ್ತಿದೆಯೋ ಇಲ್ಲವೋ ತಿಳಿಯದಷ್ಟು ಮೆತ್ತಗೆ; ಆ ಸುತ್ತಿನಲ್ಲಿ ಅಂಥದು ಇನ್ನೊಂದಿಲ್ಲ. ಟೈರು ಸವೆದು ಈಚೆಗೆ ಗುಂಯ್ಯೆನ್ನತೊಡಗಿತ್ತು. "ನೀನು ಇಂಗ್ಲಿಷ್ ಓದಿದೋಳು, ನೋಡಿ ಆರಿಸ್ಕೊಂಡು ಬಾ. ಒಳಗೆ ಕೂತ್ರೆ ಒಂದು ಸದ್ದು ಕೇಳಬಾರ್ದು" ಎಂದು ಯಜಮಾನರು ಬೆಳಿಗ್ಗೆ ಕಳಿಸಿದ್ದರು. ಆಫೀಸು ಸೇರಿ ಆರು ತಿಂಗಳಾಗಿದ್ದ ಶಾಂತಿಗೆ ಟೈಪು ಹೊಡೆಯುವುದು ಬಿಟ್ಟು ಬೇರೆ ಕೆಲಸ ಹೇಳಿದ್ದು ಅದೇ ಮೊದಲು.

ಅವಳು ಬಗ್ಗಿ ಟೈರಿನ ಪಕ್ಕದ ಅಕ್ಷರಗಳನ್ನು ಓದಿದಳು, ಮರಿಯಪ್ಪ ಅರ್ಥ ಹೇಳಿದ. ದೇಶದ್ದು ಗಂಟೆಗೆ ಇನ್ನೂರ ಹತ್ತು ಕಿಲೋಮೀಟರು ತಡೆಯುತ್ತದೆ, ಪರದೇಶದ್ದು ಇನ್ನೂರ ನಲವತ್ತು.

"ಅಷ್ಟು ಜೋರಾಗಿ ಯಾರು ಓಡಿಸ್ತಾರೆ ರಂಗರಾಜಣ್ಣ?"

ಡ್ರೈವರು ರಂಗರಾಜು ಬೀಡಿ ಆರಿಸಿದ. "ನಾ ಕುಂತ್ರೆ ಎಂಬತ್ತು ಕಣವ್ವ. ಯಜಮಾನ್ರೇ ಕುಂತ್ರೆ ನೂರರವತ್ತು. ಶನ್ವಾರ ಶನ್ವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಅವ್ರೊಬ್ರೇ ಓಯ್ತರಲ್ಲ, ರಸ್ತೆ ಅವ್ರಪ್ಪಂದೇಯ."

ಶಾಂತಿ ಸದ್ದಿಲ್ಲದ್ದನ್ನು ಆರಿಸಿದಳು. ತಪ್ಪು ಆರಿಸಲಿಲ್ಲ ಎಂದು ಒಳಗೊಳಗೇ ಹಿಗ್ಗಿದಳು.

"ಬ್ಯಾಡ ಅನ್ನುಸ್ದ್ರೆ ಇವತ್ತೇ ವಾಪಸ್ ತನ್ನಿ" ಎಂದ ಮರಿಯಪ್ಪ. "ನಾಳಿಕ್ ತಂದ್ರೆ ನಾ ಮುಟ್ಟಕಿಲ್ಲ."

ಹೊಸ ಟೈರು ಹಾಕಿಸಿ ಹೊರಟ ಮೇಲೆ ತೆರಕಣಾಂಬಿ ದಾಟುವವರೆಗೂ ಅವಳಿಗೆ ಏನೂ ಅನ್ನಿಸಲಿಲ್ಲ. ಆಮೇಲೆ ಗಮನಿಸಿದಳು: ಯಾರೂ ತಿರುಗಿ ನೋಡುತ್ತಿಲ್ಲ. ಬೆಳಿಗ್ಗೆ ಇದೇ ದಾರಿಯಲ್ಲಿ ಮಕ್ಕಳು ಕೂಗುತ್ತ ಓಡಿಬಂದಿದ್ದರು, ನಾಯಿಗಳು ಬೆನ್ನಟ್ಟಿದ್ದವು. ಈಗ ರಸ್ತೆಯಂಚಿನ ನಾಯಿ ಕಣ್ಣು ತೆರೆಯಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನ ಮೊಣಕೈಗೆ ಗೇಣು ದೂರದಲ್ಲಿ ಕಾರು ಹಾಯ್ದುಹೋಯಿತು; ಅವನು ಎಮ್ಮೆಯೊಡನೆ ಆಡುತ್ತಿದ್ದ ಮಾತನ್ನೂ ನಿಲ್ಲಿಸಲಿಲ್ಲ. ಗಾಜಿನಾಚೆ ಊರುಗಳು ಬಂದವು, ಹೋದವು. ತಾವು ಅಲ್ಲಿ ಇಲ್ಲವೇನೋ ಎಂದು ಶಾಂತಿಗೆ ಅನ್ನಿಸಿತು.

"ಸತ್ತೋರು ಓಡಾಡ್ದಂಗದೆ ಕಣವ್ವ" ಎಂದ ರಂಗರಾಜು. ನಗಲಿಲ್ಲ.

"ಹಾರನ್ ಹಾಕಿ."

"ನಾನೇನೋ ಆಕ್ತೀನಿ. ಯಜಮಾನ್ರು ಮುಟ್ಟಲ್ಲ. ಅದು ಲಾರಿಯೋರ್ ಕೆಲ್ಸ ಅಂತರೆ."

ಶಾಂತಿಯ ಊರು ಉಡಿಗಾಲ ಹತ್ತಿರವಾದಾಗ ಡಾಂಬರು ಕಾಣದಾಯಿತು. ರಸ್ತೆಯ ಮೇಲೆ ಹುರುಳಿ ಹರಡಿದ್ದರು. ಸುಗ್ಗಿಯಲ್ಲಿ ಬಸ್ಸು ಲಾರಿಗಳ ಚಕ್ರವೇ ಅಲ್ಲಿ ಒಕ್ಕಣೆ ಮಾಡಿಕೊಡುತ್ತದೆ. ಒಂದು ಗಾಡಿ ಹಾಯ್ದ ಮೇಲೆ ಹೆಂಗಸರು ಬಂದು ಕವೆಗೋಲಿನಿಂದ ಮುಗುಚಿ ಹಾಕುತ್ತಾರೆ. ಇನ್ನೊಂದರ ಸದ್ದು ಕೇಳಿದರೆ ಪಕ್ಕಕ್ಕೆ ಸರಿಯುತ್ತಾರೆ. ಯಾರೂ ತಲೆಯೆತ್ತಿ ನೋಡುವುದಿಲ್ಲ. "ನನ್ ಬೆನ್ನಿಗೂ ಕಿವಿ ಅವೆ ಕಣಮ್ಮಿ" ಎನ್ನುತ್ತಿದ್ದಳು ಶಾಂತಿಯ ತಾಯಿ ಮಂಗಮ್ಮ.

ಊಟದ ಹೊತ್ತು. ಉಳಿದವರು ಮರದಡಿಗೆ ಹೋಗಿದ್ದರು. ರಸ್ತೆಯ ನಡುವೆ ಮಂಗಮ್ಮ ಒಬ್ಬಳೇ ಬಗ್ಗಿದ್ದಳು, ಇವರಿಗೆ ಬೆನ್ನು ಮಾಡಿ.

ರಂಗರಾಜು ಹಾರನ್ನಿಗೆ ಕೈ ಹಾಕಿದ. ಶಾಂತಿ ಅವನ ಕೈ ಹಿಡಿದಳು.

"ಬೇಡ. ಮೆಲ್ಲಗೆ ಹೋಗಿ."

"ಯಾಕವ್ವ? ನಿಮ್ಮವ್ವ ಅಲ್ವಾ?"

"ನಾನು ನೋಡಬೇಕು."

ಸೊಪ್ಪಿನ ಮೇಲೆ ಹತ್ತಿದ ಕಾರು ಇನ್ನೂ ಮೆತ್ತಗಾಯಿತು. ಇಪ್ಪತ್ತು ಮಾರು. ಹತ್ತು. ಈಗ ತಿರುಗುತ್ತಾಳೆ, ಈಗ ತಿರುಗುತ್ತಾಳೆ ಎಂದು ಶಾಂತಿ ಮುಂದಕ್ಕೆ ಬಾಗಿದಳು. ಐದು ಮಾರು. ಅವ್ವನ ಕತ್ತಿನ ಬೆವರು ಕಂಡಿತು, ರವಿಕೆಯ ಬೆನ್ನಿಗೆ ತಾನೇ ಹಾಕಿದ್ದ ಹೊಲಿಗೆ ಕಂಡಿತು. ಒಂದು ಮಾರು ಉಳಿದಾಗ ರಂಗರಾಜು ತಾನಾಗಿಯೇ ನಿಲ್ಲಿಸಿದ. ಮಂಗಮ್ಮ ಕವೆಗೋಲೆತ್ತಿ ಸೊಪ್ಪನ್ನು ಹಿಂದಕ್ಕೆ ಎಸೆದಳು. ಒಂದು ಹಿಡಿ ಬಂದು ಕಾರಿನ ಮೂತಿಯ ಮೇಲೆ ಬಿತ್ತು. ಅವಳು ತಿರುಗಲಿಲ್ಲ.

ಇಂದು ಶುಕ್ರವಾರ. ನಾಳೆ ಯಜಮಾನರು ಬೆಟ್ಟಕ್ಕೆ ಹೋಗುವ ದಾರಿಯೂ ಇದೇ.

"ಹಿಂದಕ್ಕೆ ತಗೊಳ್ಳಿ" ಎಂದಳು ಶಾಂತಿ, ಪಿಸುಮಾತಿನಲ್ಲಿ. "ಮರಿಯಪ್ಪನ ಅಂಗಡಿಗೆ."

ಕಾರು ಬಂದ ದಾರಿಯಲ್ಲೇ ಹಿಂದೆ ಸರಿಯಿತು. ಅವ್ವ ಸಣ್ಣದಾಗುತ್ತ ಹೋದಳು. ತಿರುವಿನಲ್ಲಿ ರಂಗರಾಜು ಕೇಳಿದ: "ಯಜಮಾನ್ರು ಕೇಳುದ್ರೆ? ಕೆಲ್ಸ ಬುಟ್ಟೋಗು ಅಂದ್ಬುಟ್ರೆ?"

"ಬೇರೆ ಸಿಗಲಿಲ್ಲ ಅಂತೀನಿ. ಇರೋದರಲ್ಲಿ ಇದೇ ಸರಿ ಅಂತ ನಾನೇ ಆರಿಸಿದೆ ಅಂತೀನಿ." ಸ್ವಲ್ಪ ದೂರ ಹೋದ ಮೇಲೆ ಅದನ್ನೇ ಇನ್ನೊಮ್ಮೆ ಹೇಳಿ ನೋಡಿದಳು. ಎರಡನೆಯ ಸಲ ಧ್ವನಿ ಅಷ್ಟು ನಡುಗಲಿಲ್ಲ.

ಹೊತ್ತು ಬಾಗುವಾಗ ಅವರು ಮತ್ತೆ ಉಡಿಗಾಲಕ್ಕೆ ಬಂದರು. ಬದಲಾಯಿಸಿ ಹಾಕಿಸಿದ ದೇಶದ ಟೈರುಗಳ ಗುಂಯ್ಗುಟ್ಟುವಿಕೆಗೆ ಕಾರಿನ ಬಾಗಿಲೂ ಸಣ್ಣಗೆ ನಡುಗುತ್ತಿತ್ತು. ಇನ್ನೂ ಒಂದು ಫರ್ಲಾಂಗು ಇರುವಾಗಲೇ, ಬಗ್ಗಿದ್ದ ಮಂಗಮ್ಮ ತಲೆಯೆತ್ತದೆ ಪಕ್ಕಕ್ಕೆ ಸರಿದು ನಿಂತಳು.

ಶಾಂತಿಗೆ ಅಳು ಬಂತು. ಮುಖ ಒರೆಸಿಕೊಂಡು ಇಳಿದಳು.

"ನೀನಾ? ದೊಡ್ಡೋರ್ ಕಾರಲ್ಲಿ ಬಂದ್ಬುಟ್ಟಿದ್ದೀಯೆ, ಕಾಲು ನೆಲದ್ಮೇಲೆ ಅವೋ ಇಲ್ವೋ?" ಎಂದು ನಕ್ಕ ಮಂಗಮ್ಮ ಮರುಗಳಿಗೆಯಲ್ಲೇ ದನಿ ತಗ್ಗಿಸಿದಳು. "ಬಾ ಇಲ್ಲಿ. ಮಧ್ಯಾನ ಇದ್ದಕ್ಕಿದ್ದಂಗೆ ಬೆನ್ನೆಲ್ಲ ತಣ್ಣಗಾಗೋಯ್ತು ಕಣಮ್ಮಿ. ಯಾರೋ ನಿಂತವ್ರೆ ಅನ್ನಂಗೆ. ತಿರುಗ್ ನೋಡ್ತೀನಿ, ಒಂದ್ ನರಪಿಳ್ಳೆ ಇಲ್ಲ. ಇದ್ ನೋಡು."

ರಸ್ತೆಯ ನಡುವೆ ಒಂದಷ್ಟು ಜಾಗಕ್ಕೆ ಸುತ್ತ ಕಲ್ಲಿಟ್ಟಿದ್ದಳು. ಬಸ್ಸುಗಳು ಅದನ್ನು ಬಳಸಿಕೊಂಡು ಹೋಗಿದ್ದವು. ಒಳಗೆ ಹುರುಳಿ ಸೊಪ್ಪು ಮಧ್ಯಾಹ್ನ ಹೇಗಿತ್ತೋ ಹಾಗೆಯೇ ಇತ್ತು; ಚಕ್ರದ ಎರಡು ಗೆರೆಗಳು ಬಂದು ನಡುವೆಯೇ ನಿಂತುಬಿಟ್ಟಿದ್ದವು.

"ಬಂದದೆ" ಎಂದಳು ಮಂಗಮ್ಮ. "ಮುಂದಕ್ಕೋಗಿಲ್ಲ. ನಾ ಅದ್ನ ಮುಟ್ಟಿಲ್ಲ ಕಣವ್ವ."

ರಂಗರಾಜು ಕಾರಿನ ಮೂತಿಯ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಹುರುಳಿ ಕಡ್ಡಿಯೊಂದನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡ. ಗಾಳಿ ಬೀಸಿತು. ಕಲ್ಲುಗಳ ಸುತ್ತಲಿನ ಸೊಪ್ಪೆಲ್ಲ ಎದ್ದು ಸರಸರನೆ ಅಲುಗಿತು. ಒಳಗಿನ ಎರಡು ಗೆರೆಗಳು ಮಾತ್ರ ನೆಲಕ್ಕೆ ಅಂಟಿಕೊಂಡೇ ಇದ್ದವು, ಮಧ್ಯಾಹ್ನ ಅವ್ವ ಊರಿದ್ದ ಹೆಜ್ಜೆಗಳಿಗೆ ಒಂದು ಮಾರು ದೂರದಲ್ಲಿ.