ಮೇಸ್ತ್ರಿಯ ನಿಧಾನ ನಾಡಿ

ಶಸ್ತ್ರಕ್ಕೆ ಮೈಯೊಡ್ಡುವ ಹಿಂದಿನ ದಿನ ಯಾರ ಎದೆಯೂ ಸುಮ್ಮನಿರುವುದಿಲ್ಲ. ಬಾಯಿ ಧೈರ್ಯದ ಮಾತಾಡುತ್ತಿದ್ದರೂ ಮಣಿಕಟ್ಟಿನೊಳಗೆ ಮೊಲವೊಂದು ಓಡುತ್ತಿರುತ್ತದೆ. ಆದ್ದರಿಂದಲೇ ಮೇಸ್ತ್ರಿಯ ನಾಡಿ ಹಿಡಿದ ಅರಿವಳಿಕೆಯ ವೈದ್ಯರಿಗೆ ಅನುಮಾನ ಬಂದದ್ದು. ಅದು ನೆರಳಲ್ಲಿ ಮಲಗಿ ಮೆಲುಕು ಹಾಕುವ ಎತ್ತಿನಷ್ಟು ನಿಧಾನವಾಗಿತ್ತು.

"ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ?"

"ತಲೆನೋವಿಗೂ ನುಂಗಿದವನಲ್ಲ ಸಾರ್." ಬಸ್ ಡಿಪೋದ ಮೇಸ್ತ್ರಿ ದಿಂಬಿಗೊರಗಿ ನಕ್ಕರು. "ನಮ್ಮ ಹುಡುಗರು ನನಗಿಟ್ಟ ಹೆಸರು ಸಿಡಿಲು. ಈಚೆಗೆ ಯಾಕೋ ಗುಡುಗೂ ಕಮ್ಮಿಯಾಗಿದೆ. ವಯಸ್ಸು ನೋಡಿ."

ವೈದ್ಯರು ನಗಲಿಲ್ಲ. ನಾಳೆ ಪಿತ್ತಕೋಶದ ಕಲ್ಲು ತೆಗೆಯುವ ಶಸ್ತ್ರಕ್ರಿಯೆ. ಅರಿವಳಿಕೆ ಕೊಟ್ಟು ಗಂಟಲಿಗೆ ಉಸಿರಿನ ಕೊಳವೆ ಇಳಿಸುವಾಗ ಪ್ರಜ್ಞೆಯಿಲ್ಲದ ಮೈಯೂ ಬೆಚ್ಚುತ್ತದೆ. ಹೃದಯ ನಾಗಾಲೋಟಕ್ಕೆ ಬೀಳುತ್ತದೆ, ರಕ್ತದೊತ್ತಡ ಜಿಗಿಯುತ್ತದೆ. ಅದಕ್ಕೆ ಮೊದಲೇ ಲಗಾಮು ಹಾಕಲೆಂದು ಬೆಳಿಗ್ಗೆ, ಬಿಪಿಗೂ ಕೊಡುವ ಪುಟ್ಟ ಮಾತ್ರೆಯೊಂದನ್ನು ಕೊಡುವುದು ಅವರ ಪದ್ಧತಿ. ಗಂಡಹೆಂಡಿರಿಬ್ಬರಿಗೂ ಅದನ್ನು ವಿವರಿಸಿಯಾಗಿತ್ತು. ಆದರೆ ಆಗಲೇ ಲಗಾಮು ಬಿಗಿದ ಕುದುರೆಗೆ ಇನ್ನೊಂದು ಬಿಗಿದರೆ? ಅದು ನಡುದಾರಿಯಲ್ಲಿ ನಿಂತೇಬಿಡಬಹುದು.

ಇಸಿಜಿಯಲ್ಲಿ ತಪ್ಪೇನೂ ಇರಲಿಲ್ಲ. ಮೇಸ್ತ್ರಿಯನ್ನು ವಾರ್ಡಿನ ಮೆಟ್ಟಿಲು ಹತ್ತಿಸಿ ಇಳಿಸಿದರು. ಏದುಸಿರು ಬಂತು, ನಾಡಿ ಮಾತ್ರ ಜಪ್ಪಯ್ಯ ಎನ್ನಲಿಲ್ಲ.

"ಮುಚ್ಚಿಡಬೇಡಿ ಮೇಸ್ತ್ರಿ. ನಾಳೆ ನಿಮ್ಮ ಉಸಿರು ನನ್ನ ಕೈಲಿರುತ್ತೆ."

"ಅಂದ್ರೆ ನಾನು ಸುಳ್ಳುಗಾರನಾ? ಲೇ, ನೀನಾದ್ರೂ ಹೇಳೇ, ಯಾವತ್ತಾದ್ರೂ ಮಾತ್ರೆ ಮುಟ್ಟಿದೀನಾ?"

ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದ ಹೆಂಡತಿ "ಇಲ್ಲ" ಎಂದರು. ಮುಚ್ಚಳವನ್ನು ಮತ್ತೆ ಬಿಗಿದು, "ಡಾಕ್ಟ್ರೇ, ನಾಳೆ ಕೊಡೋ ಆ ಮಾತ್ರೆ... ಕೊಡ್ಲೇಬೇಕಾ?"

ಬದುಕಿ ಬರುತ್ತಾರಾ ಎಂದು ಕೇಳಿದ ಹೆಂಡತಿಯರನ್ನು ವೈದ್ಯರು ಬೇಕಾದಷ್ಟು ಕಂಡಿದ್ದರು. ಕತ್ತರಿಗೆ ಹೆದರದೆ ಮಾತ್ರೆಗೆ ಹೆದರಿದವರನ್ನು ಕಂಡಿರಲಿಲ್ಲ.

"ತಾಯಿ, ನಿಮಗೆ ಬಿಪಿ ಇದೆಯಾ?"

"ಇದೆ. ಮಾತ್ರೆ ಬರ್ಕೊಟ್ಟಿದಾರೆ."

"ಕೈ ಕೊಡಿ."

ಒಂದು ಕೈಯಲ್ಲಿ ಗಂಡನ ನಾಡಿ, ಇನ್ನೊಂದರಲ್ಲಿ ಹೆಂಡತಿಯದು. ಓಡಬೇಕಾದ ಮೊಲ ಇಲ್ಲಿ ಓಡುತ್ತಿತ್ತು.

"ನಿಮ್ಮ ಮಾತ್ರೆ ಯಾರ ಹೊಟ್ಟೆ ಸೇರ್ತಿದೆ?"

ಆಕೆ ತಲೆತಗ್ಗಿಸಿದರು. "ಪುಡಿ ಮಾಡಿ ಇವರ ಕಾಫಿಗೆ ಹಾಕ್ತಿದ್ದೆ. ಅದು ಹೊಟ್ಟೆಗೆ ಬಿದ್ರೆ ರಕ್ತ ಕುದಿಯಲ್ಲ ಅಂತ ನಮ್ಮಕ್ಕ ಹೇಳಿದ್ಲು. ಇವರ ಬಾಯಿಗೆ ಹೆದರಿ ಮಗಳು ಮನೆಗೆ ಬರೋದೇ ಬಿಟ್ಟಿದ್ಲು. ಈಗ ಬರ್ತಾಳೆ. ಕೂತು ಮಾತಾಡ್ತಾಳೆ."

"ನನ್ನ ಕಾಫಿಗಾ?" ಮೇಸ್ತ್ರಿಯ ಗುಡುಗಿಗೆ ಪಕ್ಕದ ಹಾಸಿಗೆಯ ರೋಗಿ ಬೆಚ್ಚಿ ಎದ್ದು ಕೂತ. "ಕಹಿ ಅಂದಾಗೆಲ್ಲ ಕಾಫಿಪುಡಿ ಅಂಗಡಿಯವನ ತಲೆಗೆ ಕಟ್ತಿದ್ದೆಯಲ್ಲೇ! ಬೀದೀಲಿ ನಿಂತು ಅವನ ಜೊತೆ ಜಗಳ ಆಡಿದೀನಿ! ಕಟ್ಕೊಂಡವಳೇ ಹೀಗೆ ಮಾಡಿದ್ರೆ ಯಾರ ಕೈಯಲ್ಲಿ ನೀರು ಕುಡೀಲಿ?"

ಮುಖ ಕೆಂಪೇರಿತ್ತು, ಕತ್ತಿನ ನರ ಉಬ್ಬಿತ್ತು. ವೈದ್ಯರ ಬೆರಳ ಕೆಳಗಿನ ನಾಡಿ ಮಾತ್ರ, ಯಾರದೋ ಮನೆಯ ಜಗಳ ಕೇಳಿಸಿಕೊಂಡಂತೆ, ತನ್ನ ಪಾಡಿಗೆ ನಡೆದಿತ್ತು.

"ನೋಡಿದ್ರಾ ತಾಯಿ, ಮಾತ್ರೆ ಎದೆಯ ಲಗಾಮು ಹಿಡಿಯುತ್ತೆ, ನಾಲಿಗೆಯದ್ದಲ್ಲ. ಆದ್ರೆ ಈಗ ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರೆ ಅದೇ ಎದೆ ಹುಚ್ಚೇಳುತ್ತೆ. ನನ್ನ ಮಾತ್ರೆ ಬೇಡ. ದಿನಾ ಹೋಗ್ತಿದ್ದದ್ದೇ ಬೆಳಿಗ್ಗೆ ಹೋಗ್ಲಿ, ಒಂದು ಗುಟುಕು ನೀರಲ್ಲಿ. ನಿಮ್ಮ ಬಿಪಿಯನ್ನೂ ಇವತ್ತೇ ತೋರಿಸೋಣ."

ಮರುದಿನ ನರ್ಸ್ ಮಾತ್ರೆ ತಂದಾಗ ಮೇಸ್ತ್ರಿ ಅದನ್ನು ಮುಟ್ಟಲಿಲ್ಲ.

"ಅವಳೇ ಕೊಡ್ಲಿ. ನನ್ನ ಕಣ್ಣೆದುರಿಗೆ."

ಹೆಂಡತಿ ಅದನ್ನು ಅವರ ಅಂಗೈಯಲ್ಲಿಟ್ಟರು. ಮೇಸ್ತ್ರಿ ಮಗುಚಿ ನೋಡಿದರು, ಮೂಸಿದರು. ಲೋಟವನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

"ಮೊದಲು ನೀನು ಕುಡಿ."

ಆಕೆ ಗಂಡನ ಮುಖವನ್ನೇ ನೋಡುತ್ತ ಒಂದು ಗುಟುಕು ಕುಡಿದರು. ನೀರು ಅವರ ಗಂಟಲಿಳಿದದ್ದು ಕಂಡ ಮೇಲೆ ಮೇಸ್ತ್ರಿ ಮಾತ್ರೆ ನುಂಗಿದರು. ಆಪರೇಷನ್ ಕೋಣೆಯಲ್ಲಿ ಕೊಳವೆ ಇಳಿಯುವಾಗ ಹೃದಯ ಒಂದಿಷ್ಟು ತ್ವರೆ ಮಾಡಿ, ಮತ್ತೆ ತನ್ನ ನಡಿಗೆಗೆ ಮರಳಿತು. ವೈದ್ಯರು ಮಾನಿಟರಿನ ಪರದೆಯಿಂದ ಕಣ್ಣು ತೆಗೆಯಲಿಲ್ಲ.