ಬಿಸಿಲಿಗೆ ಹಾಕಿದ ರಬ್ಬರ್

ಅಡಿಕೆ ಒಣಗಿಸುವುದರಲ್ಲಿ ಶಿವಯೋಗಪ್ಪನನ್ನು ಮೀರಿಸುವವರು ಭದ್ರಾವತಿ ಸೀಮೆಯಲ್ಲಿ ಯಾರಿದ್ದಾರೆ ಹೇಳಿ! ಅವನ ಮಾಲು ಬಂತೆಂದರೆ ಶಿವಮೊಗ್ಗದ ಮಂಡಿಯವರೇ ಎದ್ದು ನಿಲ್ಲುತ್ತಿದ್ದರು. ಅಂಥವನ ಸೊಸೆ ಪ್ರಿಯದರ್ಶಿನಿಗೆ ಹಿಡಿದದ್ದು ರಬ್ಬರಿನ ಹುಚ್ಚು. ಗುಡ್ಡದ ಬದಿಯಲ್ಲಿ ತಾನೇ ಗಿಡ ನೆಟ್ಟು, ಹಾಲು ಬರುವಷ್ಟು ಬೆಳೆಸಿದ್ದಳು. ಮಾವನಿಗೋ ಅವನ್ನು ಕಡಿದು ಅಡಿಕೆ ಹಾಕುವ ಆಸೆ. ಜಗಳವಾಡಿ ಸಾಕಾಗಿ ಕೊನೆಗೆ ಒಂದು ಮಾತಾಯಿತು. ಅವಳ ಮೊದಲ ಮಾಲನ್ನು ರಬ್ಬರ್ ವ್ಯಾಪಾರಿ ಮಲ್ಲಿಕ್ ಸಾಹೇಬರು ಒಳ್ಳೆಯದೆಂದು ಒಪ್ಪಿದರೆ ಮರ ಉಳಿಯಬೇಕು, ಇಲ್ಲದಿದ್ದರೆ ಅದಕ್ಕೆ ಕೊಡಲಿ ಏಟು.

ಪ್ರಿಯದರ್ಶಿನಿ ಹಾಲನ್ನು ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿ ಹಾಳೆ ಮಾಡಿ, ಹೊಗೆಯಲ್ಲೇ ಒಣಗಲೆಂದು ಹೊಗೆಮನೆಯಲ್ಲಿ ನೇತುಹಾಕಿದಳು. ಅಷ್ಟರಲ್ಲಿ ತವರಿನಲ್ಲಿ ತಾಯಿ ಜಾರಿ ಬಿದ್ದರೆಂದು ಫೋನ್ ಬಂತು.

"ಮಾವ, ಉರಿ ಏಳ್ಬಾರ್ದು, ಬರೀ ಹೊಗೆ ಇದ್ರೆ ಸಾಕು. ನೋಡ್ಕೊಳ್ಳಿ, ಬೇಗ ಬರ್ತೀನಿ," ಎಂದು ಹೇಳಿ ಹೊರಟಳು.

ಶಿವಯೋಗಪ್ಪ ಹೊಗೆಮನೆಯ ಬಾಗಿಲು ತೆಗೆದು ಹೌಹಾರಿದ. ಹೊಗೆ ಹಿಡಿದ ಮಾಲನ್ನು ಯಾರಾದರೂ ಮುಟ್ಟುತ್ತಾರೆಯೇ? ಅಡಿಕೆಗೆ ಹೀಗೆ ಹೊಗೆ ಹತ್ತಿದರೆ ಮುಗಿಯಿತು ಕಥೆ. ಮರ ಬೇಡವಾದರೇನು, ಮನೆಯ ಮಾಲು ಕೆಡುವುದನ್ನು ನೋಡುತ್ತ ಕೂರುವ ಜಾಯಮಾನ ಅವನದಲ್ಲ. "ಪಾಪ, ಹುಡುಗಿಗೆ ಏನೂ ಗೊತ್ತಿಲ್ಲ," ಎನ್ನುತ್ತ ಹಾಳೆಗಳನ್ನೆಲ್ಲ ಹೊತ್ತು ತಂದು, ಅಡಿಕೆ ಕಣದಲ್ಲಿ ಸುಡುಸುಡು ಬಿಸಿಲಿಗೆ ಹರಡಿದ.

ಸೊಸೆ ಬರುವಷ್ಟರಲ್ಲಿ ಹಾಳೆಗಳು ಬೆಲ್ಲದ ಪಾಕದಂತೆ ಅಂಟಂಟಾಗಿದ್ದವು. ಅವಳ ಕಣ್ಣು ತುಂಬಿತು. ಹಾಳೆಗಳನ್ನು ಎತ್ತಿ ಒಂದರ ಮೇಲೊಂದು ಪೇರಿಸಿದಳು.

"ಸಾಹೇಬ್ರೇ ನೋಡಿ ಹೇಳ್ಲಿ ಬಿಡು," ಎಂದ ಶಿವಯೋಗಪ್ಪ. ಆಗಲೇ ಅವನ ದನಿ ಇಳಿದಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯ ಅಂಗಡಿಯಲ್ಲಿ ಮಲ್ಲಿಕ್ ಸಾಹೇಬರು ಒಂದು ಹಾಳೆ ಎಳೆದರು. ಅದರ ಜೊತೆ ಇನ್ನೆರಡು ಎದ್ದುಬಂದವು.

"ಯಾ ಅಲ್ಲಾ! ರಬ್ಬರನ್ನ ಬಿಸಿಲಿಗೆ ಹಾಕೋದಾ? ಮಾಲೆಲ್ಲಾ ಬರ್ಬಾದ್! ಯಾರಮ್ಮಾ ಈ ಕೆಲಸ ಮಾಡಿದ್ದು?"

"ನಾನೇ ಸಾಬ್ರೇ," ಎಂದಳು ಪ್ರಿಯದರ್ಶಿನಿ, ತಲೆ ಎತ್ತದೆ.

ಶಿವಯೋಗಪ್ಪ ಸುತ್ತ ನೋಡಿದ. ಅಂಗಡಿಯ ತುಂಬ ಅವನನ್ನು ಬಲ್ಲವರೇ. ಸುಮ್ಮನಿದ್ದರೆ ಮರ್ಯಾದೆಯೂ ಉಳಿಯುತ್ತದೆ, ಗುಡ್ಡವೂ ಅವನದಾಗುತ್ತದೆ. ಆದರೆ ಈ ಹುಡುಗಿ, ಕೈಯಾರೆ ಬೆಳೆಸಿದ ಮರಗಳು ಹೋಗುತ್ತವೆಂದು ಗೊತ್ತಿದ್ದೂ, ನಾಲ್ಕು ಜನರೆದುರು ಮಾವನ ಹೆಸರು ಹೇಳಲಿಲ್ಲವಲ್ಲ. ಅವನಿಗೆ ನಾಚಿಕೆಯಾಯಿತು.

"ಅವಳಲ್ಲ ಮಾರಾಯ, ನಾನು," ಎಂದ. "ಇದೂ ಅಡಿಕೆ ಥರಾನೇ ಅನ್ಕೊಂಡು ಕಣಕ್ಕೆ ಹಾಕ್ಬಿಟ್ಟೆ."

ಅಂಗಡಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಅಡಿಕೆ ಮಂಡಿಯ ಏಕಾಂತಪ್ಪನಂತೂ ಕಣ್ಣೊರೆಸಿಕೊಂಡ. ನಗು ನಿಲ್ಲುವವರೆಗೂ ಶಿವಯೋಗಪ್ಪ ಅಲ್ಲಾಡದೆ ನಿಂತಿದ್ದ.

"ಹಂಗಾದ್ರೆ ಮರ ಕಡಿಯೋದೇ ಅಂತ ಆಯ್ತಾ ಯಜಮಾನ್ರೇ?" ಎಂದು ಸಾಹೇಬರು ಕೇಳಿದರು. ಪಂತದ ಸುದ್ದಿ ಬಜಾರಿಗೂ ಮುಟ್ಟಿತ್ತು.

"ಯಾಕೆ ಕಡೀಬೇಕು? ಮಾತಾಗಿದ್ದು ಅವಳ ಮಾಲಿಗೆ," ಎಂದ ಶಿವಯೋಗಪ್ಪ. "ಇದು ನಂದು. ಅವಳದ್ದು ಇನ್ನೂ ಬರ್ಬೇಕು."